ಒಂದೂವರೆ ಕೋಲಿನ ಮನುಷ್ಯ

ಗುಂಡಿಗೆ ಇಳಿಯದೆ ಸಹಿ ಹಾಕಿದವನು ನಾನು. ಆ ಕಾಗದ ಈಗಲೂ ಯಾವುದೋ ಕಪಾಟಿನಲ್ಲಿ ಇದ್ದೀತು. ‘ಅಸ್ಥಿಪಂಜರದ ಉದ್ದ ಒಂಬತ್ತು ಅಡಿ’ ಎಂದು ಅದರಲ್ಲಿ ಬರೆದಿದೆ. ಕೆಳಗೆ ಪಂಚರ ಜಾಗದಲ್ಲಿ ವೆಂಕಟ್ರಮಣ ಎಂದು ನನ್ನ ಹೆಸರಿದೆ.

ಕೋಲಸಿರ್ಸಿಯ ಬಸ್ ನಿಲ್ಲುವಲ್ಲಿ ನನ್ನದೊಂದು ಟೇಲರ್ ಅಂಗಡಿ. ದಿನವಿಡೀ ಒಂದೇ ಕಡೆ ಕೂತಿರುವವನು, ಸಹಿ ಹಾಕಲು ಬರುವವನು ಎಂಬ ಎರಡೇ ಕಾರಣಕ್ಕೆ ಸುತ್ತಿನ ನಾಲ್ಕು ಊರಿಗೆ ನಾನೇ ಪಂಚ. ಹಾವು ಕಚ್ಚಿ ಮನುಷ್ಯ ಸತ್ತರೂ ಕರೆಯುತ್ತಿದ್ದರು, ಕೆರೆಗೆ ಬಿದ್ದು ಎಮ್ಮೆ ಸತ್ತರೂ ಕರೆಯುತ್ತಿದ್ದರು. ಊರ ಲೆಕ್ಕ ನೋಡುವ ತಲಾಟಿ ಬರೆದದ್ದಕ್ಕೆ ಸಹಿ ಹಾಕುವುದು, ಒಂದು ಚಹಾ ಕುಡಿಯುವುದು, ಮಷಿನ್ನಿಗೆ ವಾಪಸು ಬರುವುದು. ಗಿರಾಕಿ ಬಾಯಲ್ಲಿ ಹೇಳಿದ ಅಳತೆಗೆ ನಾನು ಒಂದು ದಿನವೂ ಕತ್ತರಿ ಹಾಕಿದವನಲ್ಲ, ಟೇಪು ಹಿಡಿದೇ ನೋಡುತ್ತಿದ್ದೆ. ಆ ಬುದ್ಧಿ ಬಟ್ಟೆಗೆ ಮಾತ್ರ ಇತ್ತು, ಕಾಗದಕ್ಕೆ ಇರಲಿಲ್ಲ.

ತೊಂಬತ್ತೇಳರ ಏಪ್ರಿಲ್. ನಮ್ಮಲ್ಲಿಂದ ಒಂದೂವರೆ ಮೈಲಿ ಒಳಗೆ ಕೆರೆಕೊಪ್ಪ. ಅಲ್ಲಿ ದಿನಕರ ಹೆಗಡೆಯವರ ಸೊಪ್ಪಿನ ಬೆಟ್ಟ. ತೋಟಕ್ಕೆ ಬೇಕಾದ ಸೊಪ್ಪು ಕಡಿದುಕೊಳ್ಳಲಿ ಎಂದು ಸರ್ಕಾರ ಹಿಂದಿನವರಿಗೆ ಬಿಟ್ಟುಕೊಟ್ಟ ಕಾಡು. ಅದರ ಬುಡಕ್ಕೆ ತಾಗಿ ಮಂಜಿಯ ಗದ್ದೆ, ಬಾವಿ, ಮನೆ. ಮಂಜಿಯ ಗಂಡ ಗಣಪ ಎಪ್ಪತ್ತೈದರಲ್ಲಿ ಮರದ ಕುಂಟೆ ಕಿತ್ತು, ಕಲ್ಲು ಹೊತ್ತು ಮಾಡಿದ ಎರಡು ಎಕರೆ. ಗಣಪ ಮಂಗನ ಕಾಯಿಲೆಯಲ್ಲಿ ಹೋಗಿ ಆರು ವರ್ಷವಾಗಿತ್ತು. ಎಪ್ಪತ್ತೆಂಟರ ಹಿಂದಿನ ಅತಿಕ್ರಮಣವನ್ನು ಸಕ್ರಮ ಮಾಡುತ್ತಾರೆ ಎಂದು ಪಟ್ಟಿಯಾಗಿತ್ತು, ಪಟ್ಟಿಯಲ್ಲಿ ಮಂಜಿಯ ಹೆಸರೂ ಇತ್ತು. ಮಳೆಗಾಲದ ಮೊದಲು ಕಂದಾಯದ ಸಾಹೇಬರು ಬಂದು ಜಾಗ ನೋಡುವವರಿದ್ದರು.

ಹೆಗಡೆಯವರ ಸಿಟ್ಟು ಸುಳ್ಳಿನದ್ದಲ್ಲ. ವರ್ಷಕ್ಕೆ ಒಂದು ಮೊಳದಂತೆ ಬೆಟ್ಟವನ್ನು ಸುತ್ತಲಿನವರು ಕಡಿದು ತಿಂದಿದ್ದರು. ಗಡಿಕಲ್ಲಿನಿಂದ ಮೂಡಲಿಗೆ ನಲವತ್ತು ಮಾರು ಬೆಟ್ಟ ತನ್ನದು ಎಂಬ ಅಜ್ಜನ ಕಾಲದ ಕಾಗದ ಅವರ ಹತ್ತಿರ ಇತ್ತು. ಸಾಹೇಬರು ಬರುವ ಮೊದಲೇ ಗಡಿಗೆ ಕಂದಕದಂಥ ಅಗಳ ತೆಗೆಸಿಬಿಡಬೇಕು, ಮಣ್ಣಿನಲ್ಲಿ ಗೆರೆ ಕಂಡರೆ ಮಾತಾಡುವವರು ಯಾರೂ ಇಲ್ಲ ಎಂದು ಅವರು ಹೊರಟರು. ಅಗಳ ಹೊಡೆಯಲು ಕರೆದದ್ದು ಹೊನ್ನನನ್ನು.

ಹೊನ್ನ ಮಂಜಿಯ ಒಡಹುಟ್ಟಿದ ತಮ್ಮ.

ಅಗಳ ಹೊಡೆಯುವುದರಲ್ಲಿ ಅವನನ್ನು ಮೀರಿಸಿದವರು ಈ ಕಡೆ ಇರಲಿಲ್ಲ. ಅವನದೊಂದು ಬೈನೆ ಮರದ ಕೋಲು, ಎಣ್ಣೆ ಕುಡಿದು ಕರ್ರಗಾದದ್ದು, ತುದಿಗೆ ಹಿತ್ತಾಳೆಯ ಬಳೆ. ಒಂದು ಕೋಲು ಅಂದರೆ ಒಂದು ಮಾರು, ಆರಡಿ. ಕೂಲಿ ಕೋಲಿನ ಲೆಕ್ಕ. ಕೋಲನ್ನು ಯಾರೂ ಅಳೆಯುತ್ತಿರಲಿಲ್ಲ, ಕೋಲಿನಿಂದಲೇ ಎಲ್ಲರದನ್ನೂ ಅಳೆಯುತ್ತಿದ್ದರು.

ಮೊದಲ ದಿನ ನಡೆದದ್ದನ್ನು ನಾನು ಕಂಡಿಲ್ಲ, ಹತ್ತು ಬಾಯಲ್ಲಿ ಕೇಳಿದ್ದೇನೆ. ಹೆಗಡೆಯವರು ಮತ್ತಿ ಮರದ ನೆರಳಲ್ಲಿ ಎಲೆಯಡಿಕೆಯ ಕವಳ ಹಾಕಿಕೊಂಡು ನಿಂತು ಎಣಿಸಿದರಂತೆ. ಹೊನ್ನ ಗಡಿಕಲ್ಲಿನಿಂದ ಕೋಲು ಮಗುಚುತ್ತ ಬಂದನಂತೆ. ನಲವತ್ತನೆಯ ಕೋಲು ಮಂಜಿಯ ಗದ್ದೆಯ ಒಳಗೆ ಎರಡು ಹೆಜ್ಜೆ ಬಂದು ಬಿತ್ತು. ಅಲ್ಲಿಂದ ಅವಳ ಬಾವಿಗೆ ಇಪ್ಪತ್ತಡಿ.

ಮಂಜಿ ಕತ್ತಿ ಹಿಡಿದುಕೊಂಡೇ ಬಂದಳು.

“ಅಕ್ಕನ ಗದ್ದೆಗೆ ಅಗಳ ಹೊಡೀಲಿಕ್ಕೆ ಬಂದ್ಯನಾ? ಬೇರೆ ಎಲ್ಲೂ ಕೆಲ್ಸ ಸಿಗ್ಲಿಲ್ವ ನಿಂಗೆ?”

“ನಾ ಹೊಡೀದಿದ್ರೆ ಬೇರೆಯವ್ನು ಹೊಡೀತಿದ್ದ. ಸುಮ್ನೆ ಒಳಗೆ ಹೋಗು ಅಕ್ಕಯ್ಯ.”

“ಬೇರೆಯವ್ನಿಗಾದ್ರೆ ಹುಟ್ಟಿಸಿದವರನ್ನ ಸೇರ್ಸಿ ಬೈತಿದ್ದೆ. ನಿಂಗೆ ಹಂಗೆ ಬೈಲಿಕ್ಕೂ ಬರೂದಿಲ್ಲ, ನಿನ್ನ ಹುಟ್ಟಿಸಿದವ್ರೇ ನನ್ನನ್ನೂ ಹುಟ್ಟಿಸಿದ್ದು!”

“ಮಂಜಿ, ಬಾಯಿ ಮಾಡ್ಬೇಡ,” ಎಂದರು ಹೆಗಡೆ. “ನಲವತ್ತು ಕೋಲು ಅಳೆದದ್ದು ನಿನ್ನ ಕಣ್ಣೆದುರಿಗೇ. ಅಳೆದವ ನಿನ್ನ ತಮ್ಮ. ಇನ್ನು ಯಾರನ್ನ ಕರೆಸ್ಲಿ, ಇಂದ್ರನ್ನ ಕರೆಸ್ಲಾ?”

ಅವಳು ತಮ್ಮನ ಮುಖಕ್ಕೆ ಉಗಿದು ಹೋದಳು. ಹೊನ್ನ ಒರೆಸಿಕೊಂಡು ಗುದ್ದಲಿ ಎತ್ತಿದ.

ಮೂರನೆಯ ದಿನ ಗುದ್ದಲಿ ಕಲ್ಲಿಗೆ ತಾಗಿತು. ಬರೀ ಕಲ್ಲಲ್ಲ, ಚಪ್ಪಡಿ. ಚಪ್ಪಡಿ ಸರಿಸಿದರೆ ನಾಲ್ಕು ಕಡೆಯೂ ಕಲ್ಲು ನಿಲ್ಲಿಸಿದ ಪೆಟ್ಟಿಗೆಯಂಥ ಗುಂಡಿ. ಒಳಗೆ ಕೆಂಪು ಕಪ್ಪಿನ ಮಡಕೆ ಚೂರು, ತುಕ್ಕು ಹಿಡಿದ ಕಬ್ಬಿಣದ ಉಂಡೆಯಂಥದ್ದೊಂದು, ಮತ್ತೆ ಮಲಗಿದ ಮನುಷ್ಯ. ಅಗಳ ಹೊಡೆಯುವವನ ಕೈ ಸುಮ್ಮನಿರುವುದಿಲ್ಲ. ಹಾವು ಹೊಡೆದರೂ ಅವನು ಕೋಲಿಟ್ಟು ನೋಡುವವನೇ. ಎಲುಬಿನ ಪಕ್ಕದಲ್ಲಿ ಕೋಲು ಇಟ್ಟ, ಬಾಯಲ್ಲಿ ಬಂದೇಬಿಟ್ಟಿತು: “ಹೋಯ್! ಒಂದೂವರೆ ಕೋಲು!”

ಒಂದೂವರೆ ಕೋಲು ಅಂದರೆ ಒಂಬತ್ತು ಅಡಿ. ದಂಡೆಯ ಮೇಲಿದ್ದವರಿಗೆ ಲೆಕ್ಕ ಹೇಳಿಕೊಡಬೇಕಾಗಿರಲಿಲ್ಲ.

ನನ್ನನ್ನು ಕರೆಯಲು ಬಂದಾಗ ಮದುವೆ ರವಿಕೆಗಳ ರಾಶಿ ಎದುರಿಗಿತ್ತು. ಹೋದೆ. ತಲಾಟಿ ಚಂದ್ರಶೇಖರಪ್ಪ ಮೊದಲೇ ಬಂದಿದ್ದ. ಹಾನಗಲ್ ಕಡೆಯವನು, ಒಳ್ಳೆಯ ಮನುಷ್ಯ, ಆದರೆ ಸೋಮಾರಿ.

“ಬರ್ರಿ ಟೇಲರ್ರ, ಬರ್ರಿ. ನಿಮ್ಮ ಟೇಪಿಗೆ ಸಾಲಂಗಿಲ್ಲ ಈ ಪುಣ್ಯಾತ್ಮ. ಇವಗ ಒಂದು ಅಂಗಿ ಹೊಲೀಬೇಕಂದ್ರ ಇಡೀ ತಾನು ಹೋಕ್ಕೈತಿ.”

“ಇಳಿದು ನೋಡಿದ್ರಾ?” ಎಂದೆ.

“ಹೆಣದ ಗುಂಡ್ಯಾಗ ಇಳದ್ರ ಜಳಕ ಮಾಡ್ಬೇಕು. ಮಧ್ಯಾಹ್ನಕ್ಕ ಸಿದ್ದಾಪುರದಾಗ ಮೀಟಿಂಗ್ ಐತಿ. ಇಂವ ಅಳದಾನಲ್ಲ, ಸಾಕು.”

ಅವನು ಬರೆದ. ಹೆಗಡೆಯವರು ಪಕ್ಕದಲ್ಲಿ ನಿಂತು ಒಂದು ಸಾಲು ಸೇರಿಸಿದರು: ‘ದಿನಕರ ಹೆಗಡೆಯವರು ತಮ್ಮ ಬೆಟ್ಟದ ಮೂಡಲ ಗಡಿಯ ಮೇಲೆ ತೆಗೆಸುತ್ತಿದ್ದ ಅಗಳದಲ್ಲಿ ಸಿಕ್ಕಿದ್ದು.’ ಅಗಳ ಗಡಿಯೆಂದು ಸರ್ಕಾರದ ಕಾಗದದಲ್ಲೇ ಬಂದುಬಿಟ್ಟಿತಲ್ಲ ಎಂಬ ಖುಷಿ ಅವರಿಗೆ. ಮೊದಲ ಸಹಿ ಅವರದ್ದೇ. ನಾನು ಮೊಣಕಾಲ ಮೇಲೆ ಕಾಗದ ಇಟ್ಟು ನನ್ನದನ್ನು ಹಾಕಿದೆ. ರವಿಕೆಗಳ ನೆನಪಿತ್ತು ನನಗೆ. ಗುಂಡಿಯೊಳಗೆ ನಿಂತಿದ್ದ ಹೊನ್ನ ಏನೋ ಹೇಳಲು ಬಾಯಿ ತೆರೆದು ಮುಚ್ಚಿದ್ದನ್ನು ಕಂಡೆ. ಹೆದರಿದ್ದಾನೆ ಎಂದುಕೊಂಡೆ.

ನಾಲ್ಕನೆಯ ದಿನಕ್ಕೆ ಪೇಪರಿನಲ್ಲಿ ಫೋಟೋ. ಐದನೆಯ ದಿನಕ್ಕೆ ಶಿರಸಿಯಿಂದ ಜನ, ಆರನೆಯ ದಿನಕ್ಕೆ ಯಲ್ಲಾಪುರದಿಂದ ಜೀಪು. ಘಟೋತ್ಕಚ ಅಂದರು, ಕದಂಬರ ಕಾಲದ ವೀರ ಅಂದರು. ಒಬ್ಬ ಮಾಸ್ತರರು ಹಳೆಯ ಪೇಪರ್ ತುಂಡುಗಳ ಕಟ್ಟು ತಂದು ನನ್ನ ಅಂಗಡಿಯಲ್ಲೇ ಓದಿ ಹೇಳಿದರು: ಬ್ರಿಟಿಷರ ಕಾಲದಲ್ಲಿ ಅಲ್ಲೆಲ್ಲೋ ಹತ್ತಡಿಯದ್ದು ಸಿಕ್ಕಿತ್ತಂತೆ, ಪರದೇಶದಲ್ಲಿ ಹನ್ನೆರಡು ಅಡಿಯದ್ದು, ಇನ್ನೊಂದು ಕಡೆ ಸಾಲಾಗಿ ಏಳು ಜನ, ಒಬ್ಬೊಬ್ಬನೂ ಬಾಗಿಲಿಗಿಂತ ಎತ್ತರ. ಎಲ್ಲದಕ್ಕೂ ಸಾಕ್ಷಿ ಇದ್ದಾರೆ, ಸಹಿ ಇದೆ ಎಂದರು. ನಾನು ಅಂಗಿಗೆ ಗುಂಡಿ ಹೊಲಿಯುತ್ತ ಕೇಳಿದೆ. ಆ ಸಾಕ್ಷಿಗಳಲ್ಲಿ ಇಳಿದು ನೋಡಿದವರು ಎಷ್ಟು ಮಂದಿ, ನನ್ನ ಹಾಗೆ ದಂಡೆಯ ಮೇಲೆ ನಿಂತವರು ಎಷ್ಟು ಮಂದಿ ಎಂದು ಮನಸ್ಸಿಗೆ ಬಂತು.

ಒಂದು ಸಮಿತಿಯಾಯಿತು. ಹೆಗಡೆಯವರು ಅಧ್ಯಕ್ಷರು. ಹೊನ್ನನ ಕೋಲನ್ನೂ ಅವರು ಬಿಡಲಿಲ್ಲ. ವೀರನನ್ನು ಅಳೆದ ಕೋಲು ಎಂದು ಗುಂಡಿಯ ತಲೆಯ ಕಡೆ ನೆಟ್ಟು, ಕುಂಕುಮ ಹಚ್ಚಿ, ಹೂ ಸುತ್ತಿದರು. ಜನ ತೆಂಗಿನಕಾಯಿ ಒಡೆದ ಜಾಗ ಮಂಜಿಯ ಶುಂಠಿ ಮಡಿ. ನೋಡಲು ನಿಂತ ಜಾಗ ಅವಳ ಗದ್ದೆ. ಅವಳು ಬೇಲಿ ಕಟ್ಟಿದಳು, ಅವರು ಕಿತ್ತರು. ಮತ್ತೆ ಕಟ್ಟಿದಳು, ಕಿತ್ತು ಅದೇ ಮುಳ್ಳನ್ನು ಅವಳ ಬಾವಿಗೆ ಹಾಕಿದರು. ಇನ್ನು ಜಗಳ ಅಗಳದ ಗೆರೆಯದ್ದಾಗಿರಲಿಲ್ಲ. ಇಡೀ ಎರಡು ಎಕರೆಯನ್ನು ವೀರನ ಸ್ಥಳ ಎಂದು ಬಿಡಿಸಿಕೊಡಬೇಕು, ಸಕ್ರಮದ ಪಟ್ಟಿಯಿಂದ ಅವಳ ಹೆಸರು ತೆಗೆಯಬೇಕು ಎಂದು ಸಮಿತಿ ಅರ್ಜಿ ಬರೆಯಿತು. ಬುಧವಾರ ಸಾಹೇಬರು ಬರುವುದೆಂದಾಯಿತು.

ಸೋಮವಾರ ಮಂಜಿ ಅಂಗಡಿಗೆ ಬಂದಳು. ಒಳಗೆ ಇಬ್ಬರು ಹೆಂಗಸರಿದ್ದರು, ಅವಳನ್ನು ಕಂಡು ಸೆರಗು ಹೊದ್ದು ಎದ್ದು ಹೋದರು.

“ಕಂಡ್ಯಾ ಟೇಲರಣ್ಣ? ನನ್ನ ಕಂಡ್ರೆ ವೀರಂಗೆ ಸಿಟ್ಟು ಬತ್ತದಂತೆ. ಅಂವ ಸತ್ತು ಎಷ್ಟು ಕಾಲ ಆತೋ, ನಾ ಹುಟ್ಟಿದ್ದು ನಿನ್ನೆ ಮೊನ್ನೆ. ನಂಗೂ ಅವ್ನಿಗೂ ಎಂತ ಜಗಳ?”

“ಕೂತ್ಕ ಮಂಜಿ.”

“ಕೂರಲಿಕ್ಕೆ ಬರ್ಲಿಲ್ಲ. ನಿನ್ನ ಹತ್ರ ಒಂದೇ ಮಾತು ಕೇಳ್ಲಿಕ್ಕೆ ಬಂದೆ. ನೀ ಗುಂಡಿಗೆ ಇಳಿದ್ಯಾ?”

“ಇಲ್ಲ.”

“ಟೇಪು ಹಿಡಿದ್ಯಾ?”

“ಇಲ್ಲ.”

“ನನ್ನ ರವಿಕೆ ತೋಳಿಗೆ ಮೂರು ಸಲ ಟೇಪು ಹಿಡಿತಿ. ಅರ್ಧ ಇಂಚು ಹೆಚ್ಚು ಕಡಿಮೆ ಆದ್ರೆ ಬಿಚ್ಚಿ ಹೊಲಿತಿ. ನನ್ನ ಎರಡು ಎಕರೆಗೆ ನಿಂತಲ್ಲೇ ಸಹಿ ಹಾಕ್ದೆ. ನಿನ್ನ ಕೈಗೆ ಹುಳ ಬೀಳ!”

ಹೇಳಿ ಅವಳು ಹೊರಟೇಹೋದಳು. ಬೈಗುಳ ನನಗೆ ಹೊಸದಲ್ಲ, ಟೇಲರನಾದವನು ದೀಪಾವಳಿಗೆ ಮುಂಚೆ ಕೇಳದ ಬೈಗುಳವಿಲ್ಲ. ಆದರೆ ಅವಳ ಲೆಕ್ಕ ಸರಿಯಾಗಿತ್ತು. ಅದಕ್ಕೇ ಉರಿಯಿತು.

ಬುಧವಾರ ಬೆಳಕು ಹರಿಯುತ್ತಲೇ ಸೈಕಲ್ ಹತ್ತಿದೆ. ಗುಂಡಿಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಮಂಜಿ ಬಾವಿಯಿಂದ ಮುಳ್ಳು ಎತ್ತುತ್ತಿದ್ದಳು. ನನ್ನನ್ನು ಕಂಡು ಹಿಂದೆ ಬಂದು ದಂಡೆಯ ಮೇಲೆ ನಿಂತಳು.

ಚಪ್ಪಲಿ ಬಿಟ್ಟು ಇಳಿದೆ. ನನ್ನ ಟೇಪು ಅರವತ್ತು ಇಂಚಿನದು, ಎರಡು ಸಲ ಹಿಡಿಯಬೇಕಾಯಿತು. ಬುರುಡೆಯ ನೆತ್ತಿಯಿಂದ ಹಿಮ್ಮಡಿಯವರೆಗೆ ತೊಂಬತ್ತನಾಲ್ಕೂವರೆ ಇಂಚು. ಅಂದರೆ ಎಂಟಡಿಗೆ ಒಂದೂವರೆ ಇಂಚು ಕಡಿಮೆ. ಒಂಬತ್ತಡಿ ಅಲ್ಲ. ಮತ್ತೊಮ್ಮೆ ಹಿಡಿದೆ, ಅಷ್ಟೇ.

ಆಮೇಲೆ ಇನ್ನೊಂದು ಕಂಡಿತು. ಸಾವಿರಾರು ಜನ ಮೇಲಿನಿಂದ ನೋಡಿ ಕೈಮುಗಿದು ಹೋಗಿದ್ದರು, ಯಾರಿಗೂ ಕಂಡಿರಲಿಲ್ಲ. ಬುರುಡೆ ಚಪ್ಪಡಿಗೆ ಒರಗಿಕೊಂಡಿತ್ತು, ಆದರೆ ಕೆಳದವಡೆ ಅಲ್ಲಿ ಇರಲಿಲ್ಲ. ದವಡೆ ಒಂದೂವರೆ ಅಡಿ ಈಚೆ, ಕುತ್ತಿಗೆಯ ಮೂಳೆ ಮುಗಿಯುವಲ್ಲೇ ಬಿದ್ದಿತ್ತು. ಯಾವ ಕಾಲದಲ್ಲೋ ನೀರು ನುಗ್ಗಿದಾಗ ತಲೆ ಉರುಳಿ ಹೋಗಿದೆ. ಉರುಳಿದ ತಲೆಯನ್ನು ಕುತ್ತಿಗೆಗೆ ತಂದು ಲೆಕ್ಕ ಹಾಕಿದರೆ ಆರಡಿ ನಾಲ್ಕಿಂಚು ಚಿಲ್ಲರೆ. ಉದ್ದದ ಆಳು ಹೌದು. ಆದರೆ ಅಂಥ ಇಬ್ಬರಿಗೆ ನಾನು ಪ್ಯಾಂಟು ಹೊಲಿದಿದ್ದೇನೆ, ಒಬ್ಬ ಯಲ್ಲಾಪುರ ಬಸ್ಸಿನ ಕಂಡಕ್ಟರ್.

“ನಿನ್ನ ಗದ್ದೆ ಉಳಿತು ಮಂಜಿ,” ಎಂದೆ. “ಇಂವ ಘಟೋತ್ಕಚ ಅಲ್ಲ, ನಮ್ಮ ಹಂಗೇ ಅನ್ನ ತಿಂದವ.”

ಅವಳು ನಗಲಿಲ್ಲ. “ತಲೆ ಉರುಳಿದ್ರೂ ಎಂಟಡಿ ಆತಲ್ಲ. ಒಂಬತ್ತು ಹೆಂಗೆ ಆತು? ಹೊನ್ನ ಮನುಷ್ಯ ಕೆಟ್ಟವ, ಅವ್ನ ಅಳತೆ ಕೆಡೂದಿಲ್ಲ.”

ಅದು ಸರಿಯಾದ ಪ್ರಶ್ನೆ. ತಲೆಯ ಕಡೆ ಹೂ ಸುತ್ತಿಕೊಂಡು ನಿಂತಿದ್ದ ಕೋಲನ್ನು ಕಿತ್ತು ನೆಲದ ಮೇಲೆ ಮಲಗಿಸಿ ಟೇಪು ಹಿಡಿದೆ. ಟೇಪು ಮುಗಿದ ಮೇಲೆ ಕೋಲು ಇನ್ನು ಹನ್ನೆರಡು ಇಂಚು ಉಳಿಯಬೇಕಿತ್ತು. ಮೂರೇ ಇಂಚು ಉಳಿಯಿತು.

ಹಿತ್ತಾಳೆಯ ಬಳೆಯನ್ನು ತಿರುಗಿಸಿದೆ, ಸಡಿಲವಾಗಿತ್ತು, ಕೈಗೆ ಬಂತು. ಒಳಗಿನ ಮರ ಬೆಳ್ಳಗೆ. ಮೇಲೆಲ್ಲ ಇಪ್ಪತ್ತು ವರ್ಷದ ಎಣ್ಣೆಗಪ್ಪು, ತುದಿಯಲ್ಲಿ ಮಾತ್ರ ಈ ವರ್ಷದ ಗರಗಸದ ಗುರುತು. ಒಂಬತ್ತು ಇಂಚು ಕತ್ತರಿಸಿ ಬಳೆಯನ್ನು ವಾಪಸು ಹಾಕಿದ್ದ.

“ಕೂಲಿ ಹೆಚ್ಚಾಗ್ಲಿ ಅಂತ ಕಡಿದಾನೆ ಕಳ್ಳ,” ಎಂದೆ. ಬಾಯಿಂದ ಅದೇ ಬಂತು.

ಮಂಜಿ ಕೋಲನ್ನು ನೋಡಲಿಲ್ಲ. ಗಡಿಕಲ್ಲನ್ನು ನೋಡಿದಳು, ಅಗಳವನ್ನು ನೋಡಿದಳು, ಆಮೇಲೆ ಬಾವಿಯನ್ನು. ಅಕ್ಷರ ಬಾರದವಳು, ಕೈಬೆರಳು ಮಡಚುತ್ತ ಲೆಕ್ಕ ಹಾಕಿದಳು. ನಲವತ್ತು ಕೋಲು, ಕೋಲಿಗೆ ಒಂಬತ್ತಿಂಚು. ನಾನೂ ಹಾಕಿದೆ. ಮೂವತ್ತಡಿ. ಸರಿಯಾದ ಕೋಲಿನಲ್ಲಿ ಅಳೆದಿದ್ದರೆ ಹೆಗಡೆಯವರ ಅಗಳ ಬಾವಿಯನ್ನು ದಾಟಿ ಅವಳ ದನದ ಕೊಟ್ಟಿಗೆಯ ಗೋಡೆಗೆ ಬರುತ್ತಿತ್ತು.

ಅವಳು ಕೂತುಬಿಟ್ಟಳು. ‘ನಾ ಹೊಡೀದಿದ್ರೆ ಬೇರೆಯವ್ನು ಹೊಡೀತಿದ್ದ’ ಎಂದಿದ್ದನಲ್ಲ ಹೊನ್ನ. ಬೇರೆಯವನ ಕೋಲು ಆರಡಿ ಇರುತ್ತಿತ್ತು.

“ನಾ ಅವ್ನ ಮುಖಕ್ಕೆ ಉಗಿದೆ,” ಎಂದಳು. ಅಷ್ಟೇ. ಸೀರೆಯ ಮಣ್ಣು ಕೊಡವಿ ಎದ್ದಳು. “ಈಗ ಸಾಹೇಬ್ರು ಬತ್ತಾರೆ. ಒಂಬತ್ತಡಿ ಅಲ್ಲ ಅಂತ ನೀ ಹೇಳ್ತಿ. ಹಂಗಾರೆ ಕೋಲು ಅಳೀರಿ ಅಂತ ಹೆಗಡೇರು ಹೇಳ್ತಾರೆ. ಕೋಲು ಗಿಡ್ಡ ಅಂದ್ರೆ ಅಗಳ ಗಿಡ್ಡ. ವೀರ ಹೋದ, ಬಾವಿನೂ ಹೋತು. ಹೊನ್ನನ್ನ ಊರವ್ರೆಲ್ಲ ಸೇರಿ ಇದೇ ಗುಂಡಿಗೆ ಹಾಕ್ತಾರೆ.”

“ಹೌದು.”

“ನೀ ಸುಳ್ಳು ಹೇಳ್ತ್ಯಾ?”

“ಒಂದು ಸಲ ಹೇಳಿದ್ದಕ್ಕೇ ಇಷ್ಟಾತು. ಇನ್ನೊಂದು ಹೇಳೂದಿಲ್ಲ. ಕೇಳದ್ದನ್ನ ಹೇಳ್ಲಿಕ್ಕೂ ಹೋಗೂದಿಲ್ಲ.”

ಅವಳು ಕೋಲಿನ ಹೂ ಕಿತ್ತು ಕಲ್ಲಿನ ಮೇಲಿಟ್ಟಳು, ಕೋಲನ್ನು ಮೊಣಕಾಲಿಗೆ ಕೊಟ್ಟಳು. ಬೈನೆ ಮರ ಮುರಿಯಲಿಲ್ಲ. ಹೆಗಲ ಮೇಲಿಟ್ಟುಕೊಂಡು ಮನೆಗೆ ಹೋದಳು. ನಾನು ಹಿಂದೆ ಹೋಗಲಿಲ್ಲ. ಸ್ವಲ್ಪ ಹೊತ್ತಿಗೆ ಕತ್ತಿಯ ಸದ್ದು ಕೇಳಿತು, ಆಮೇಲೆ ಹೆಂಚಿನ ಸಂದಿಯಿಂದ ಹೊಗೆ ಬಂತು. ಹಿತ್ತಾಳೆಯ ಬಳೆ ನನ್ನ ಜೇಬಿನಲ್ಲೇ ಉಳಿದಿತ್ತು. ಬರುವಾಗ ಕೆರೆಗೆ ಎಸೆದೆ.

ಹತ್ತು ಗಂಟೆಗೆ ಎರಡು ಜೀಪು ಬಂದವು. ಸಾಹೇಬರು, ಚಂದ್ರಶೇಖರಪ್ಪ, ಪುರಾತತ್ವದವರು ಎಂದು ಒಬ್ಬ ಕನ್ನಡಕದ ಯುವತಿ. ಸಾಹೇಬರು ಇಳಿಯುವ ಮೊದಲೇ ಗದ್ದಲ ಎದ್ದಿತ್ತು.

“ಕೋಲು ಎಲ್ಲಿ? ವೀರನ ಕೋಲು ಎಲ್ಲಿ?”

“ನನ್ನ ಒಲೇಲಿ,” ಎಂದಳು ಮಂಜಿ. ಹೊಸ್ತಿಲ ಮೇಲೆ ನಿಂತೇ ಹೇಳಿದಳು. “ಗಂಜಿ ಬೇಯಿಸ್ದೆ. ಸೌದೆ ಇರ್ಲಿಲ್ಲ. ಬೇಲಿ ಮುಳ್ಳೆಲ್ಲ ನೀವೇ ಬಾವಿಗೆ ಹಾಕಿದ್ರಿ, ಹಸಿ ಆಗಿತ್ತು.”

ಮಣ್ಣಿನ ಹೆಂಟೆ ಬಂದು ಬಾಗಿಲಿಗೆ ಬಿತ್ತು. ಇನ್ನೊಂದು ಅವಳ ಭುಜಕ್ಕೆ. “ಹಾಳಾದವಳೆ”, “ನಿನ್ನ ವಂಶ ಹೋಗ” ಎಂದು ಏನೇನೋ. ಹೆಗಡೆಯವರು ಕೈ ಎತ್ತಿ ಜನರನ್ನು ತಡೆದರು, ಅದನ್ನು ಹೇಳಲೇಬೇಕು. ಕಲ್ಲು ಹೊಡೆಸುವ ಮನುಷ್ಯ ಅವರಲ್ಲ. ಆದರೆ ಅವರ ಮುಖ ಸುಟ್ಟ ಇಟ್ಟಿಗೆಯ ಹಾಗಾಗಿತ್ತು.

ಆಗ ಜನರ ಹಿಂದಿನಿಂದ ಹೊನ್ನ ಬಂದ. “ನನ್ನ ಕೋಲು ಸುಟ್ಟ್ಯಾ?” ಎಂದ. ಅಕ್ಕನನ್ನು ನೋಡಿದ. ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಟೇಪನ್ನು ನೋಡಿದ. ಅರ್ಥವಾಯಿತು ಅವನಿಗೆ. ಮರುಗಳಿಗೆಗೆ ಕೇರಿ ಹಾರಿಹೋಗುವ ಹಾಗೆ ಬೈಯಲು ಶುರುಮಾಡಿದ. “ಇಪ್ಪತ್ತು ವರ್ಷದ ಕೋಲು! ನಮ್ಮಪ್ಪ ಕಡಿದು ಕೊಟ್ಟ ಕೋಲು! ಮೂದೇವಿ! ಇವತ್ತಿಂದ ನೀ ಅಕ್ಕ ಅಲ್ಲ, ನಾ ತಮ್ಮ ಅಲ್ಲ, ನಿನ್ನ ಹೆಣಕ್ಕೂ ಬರೂದಿಲ್ಲ!”

“ಬರ್ಬೇಡ! ನೀ ಹೊರ್ತಿ ಅಂತ ಗೊತ್ತಾದ್ರೆ ಹೆಣನೂ ಎದ್ದು ಓಡ್ತದೆ!”

ಎಲ್ಲರ ಬೈಗುಳಕ್ಕಿಂತ ಅವರಿಬ್ಬರದ್ದು ಜೋರಾಗಿತ್ತು. ಮಣ್ಣು ಹೊಡೆಯುತ್ತಿದ್ದವರೇ ಕೈ ಕೆಳಗಿಟ್ಟು ನೋಡುತ್ತ ನಿಂತರು.

ಕನ್ನಡಕದ ಯುವತಿ ಅಷ್ಟರಲ್ಲಿ ಗುಂಡಿಗೆ ಇಳಿದಿದ್ದಳು. ದವಡೆಯನ್ನು ಕಂಡುಹಿಡಿಯಲು ಅವಳಿಗೆ ಒಂದು ನಿಮಿಷವೂ ಹಿಡಿಯಲಿಲ್ಲ. ತನ್ನ ಉಕ್ಕಿನ ಪಟ್ಟಿ ಹಿಡಿದು, ಬುರುಡೆಯಿಂದ ಹಿಮ್ಮಡಿಗೆ ಎಷ್ಟು, ಬುರುಡೆಯನ್ನು ಕುತ್ತಿಗೆಗೆ ತಂದರೆ ಎಷ್ಟು ಎಂದು ಗಟ್ಟಿಯಾಗಿ ಹೇಳಿ ಬರೆದುಕೊಂಡು, ತಲೆ ಎತ್ತಿ, “ಇದಕ್ಕೆ ಒಂಬತ್ತಡಿ ಅಂತ ಬರೆದವರು ಯಾರು?” ಎಂದಳು.

ಚಂದ್ರಶೇಖರಪ್ಪ ನನ್ನ ಕಡೆ ನೋಡಿದ. ಅವನ ಹಣೆಯಲ್ಲಿ ಬೆವರು. ನೌಕರಿ, ಮಕ್ಕಳು ಎಲ್ಲ ಅವನ ಮುಖದಲ್ಲಿತ್ತು.

“ಸಹಿ ನನ್ನದು,” ಎಂದೆ. “ನಾ ಗುಂಡಿಗೆ ಇಳಿದಿರ್ಲಿಲ್ಲ ಸಾಹೇಬ್ರೆ. ಇವತ್ತು ಬೆಳಿಗ್ಗೆ ಇಳಿದೆ. ಅವರು ಹೇಳೂದು ಸರಿ. ಆರಡಿ ನಾಲ್ಕಿಂಚು.”

“ಥೂ,” ಎಂದಿತು ಜನ. ಯಾರೋ ಹಿಂದಿನಿಂದ, “ಟೇಲರಂಗೆ ವೀರನ ಅಳತೆನೂ ಸಣ್ಣ ಮಾಡೂದೇ ಚಟ, ಉಳಿದ ಬಟ್ಟೆ ಹೊಡ್ಕಳ್ಲಿಕ್ಕೆ,” ಎಂದ. ನಗು ಎದ್ದಿತು. ಆ ನಗು ಒಳ್ಳೆಯದಿರಲಿಲ್ಲ.

ಹೆಗಡೆಯವರು ಮುಂದೆ ಬಂದರು. “ಹೊನ್ನ, ನೀ ಕೋಲಿಟ್ಟು ಅಳೆದದ್ದಲ್ವ? ಒಂದೂವರೆ ಅಂದದ್ದು ನೀನಲ್ವ?”

ಹೊನ್ನ ತಲೆ ಕೆರೆದುಕೊಂಡ. “ಅಂದಾಜಿಗೆ ಅಂದೆ ಹೆಗಡೇರೆ. ಹೆಣ ಕಂಡು ಹೆದ್ರಿಕೆ ಆತು. ಕೋಲು ಸರಿ ಇಟ್ಟೆನೋ ಇಲ್ವೋ. ದೊಡ್ಡವ್ರು ಬರ್ಕಂಡ್ರು, ನಾ ಎಂತ ಹೇಳೂದು?”

ಈ ಕಡೆಯ ಅತಿ ಒಳ್ಳೆಯ ಅಗಳ ಹೊಡೆಯುವವನು ಎಲ್ಲರೆದುರು ತನ್ನನ್ನೇ ದಡ್ಡ ಮಾಡಿಕೊಂಡ. ಜನ ಅವನಿಗೂ ನಕ್ಕರು.

ಸಾಹೇಬರು ಹಳೆಯ ಪಂಚನಾಮೆ ತರಿಸಿ ಓದಿದರು. “ಒಂಬತ್ತಡಿ ತಪ್ಪಾಯ್ತು. ಅಗಳ ನಿಮ್ಮ ಗಡಿಯ ಮೇಲೇ ಇದೆ, ಅದು ಸರಿಯಲ್ಲವಾ ಹೆಗಡೆಯವರೆ? ಸಹಿ ಇದೆ.”

“ಸರಿ,” ಎಂದರು ಹೆಗಡೆ. ಬೇರೆ ಏನು ಹೇಳಲು ಸಾಧ್ಯವಿತ್ತು?

“ಹಾಗಾದರೆ ಅಗಳದ ಈಚೆಯದು ಈ ಹೆಂಗಸಿನ ಹೆಸರಿನಲ್ಲೇ ಇರಲಿ.”

ಮೂಳೆಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಒಯ್ದರು. ಗುಂಡಿ ಮುಚ್ಚಿದರು. ಒಂಬತ್ತಡಿಯ ಸುದ್ದಿ ಹಾಕಿದ ಪೇಪರು ಆರಡಿಯ ಸುದ್ದಿ ಹಾಕಲಿಲ್ಲ. ಈಗಲೂ ಶಿರಸಿ ಪೇಟೆಯಲ್ಲಿ ಕೇಳಿದರೆ ಒಂಬತ್ತಡಿ ಅನ್ನುತ್ತಾರೆ, ಯಲ್ಲಾಪುರದಲ್ಲಿ ಹನ್ನೊಂದು.

ಆ ಮಳೆಗಾಲ ಮಂಜಿಯ ಗದ್ದೆ ನೆಟ್ಟಿಗೆ ಮುಯ್ಯಾಳು ಬರಲಿಲ್ಲ. ಹಿಂದಿನ ವರ್ಷ ಅವಳು ಯಾರ ಗದ್ದೆಗೆಲ್ಲ ಹೋಗಿ ಬಗ್ಗಿದ್ದಳೋ ಅವರಲ್ಲಿ ಒಬ್ಬರೂ ಬರಲಿಲ್ಲ. ನನ್ನ ಹೆಂಡತಿ ಎರಡು ದಿನ ಹೋದಳು. ನನ್ನ ಅಂಗಡಿಗೆ ಕೆರೆಕೊಪ್ಪದ ಬಟ್ಟೆ ನಿಂತಿತು, ಪಂಚನಾಮೆಗೆ ಕರೆಯುವುದೂ ನಿಂತಿತು. ಎರಡನೆಯದಕ್ಕೆ ನನಗೆ ಬೇಸರವಿಲ್ಲ.

ಅಕ್ಕ ತಮ್ಮಂದಿರು ದಾರಿಯಲ್ಲಿ ಎದುರಾದರೆ ಸಾಕು, ಬೈದಾಡುತ್ತಿದ್ದರು. ಹಕ್ಕುಪತ್ರ ಕೈಗೆ ಬರುವವರೆಗೆ ರಾಜಿ ಆಗುವ ಹಾಗಿರಲಿಲ್ಲ. ರಾಜಿಯಾದರೆ ಯಾಕೆ ಎಂದು ಯಾರಾದರೂ ಯೋಚನೆ ಮಾಡುತ್ತಾರೆ. ಇದನ್ನು ಅವರು ಕೂತು ಮಾತಾಡಿಕೊಂಡದ್ದಲ್ಲ. ನನಗೂ ಹೇಳಲಿಲ್ಲ.

ಯೋಚನೆ ಮಾಡಿದವರು ಒಬ್ಬರು ಇದ್ದರು. ತೊಂಬತ್ತೊಂಬತ್ತರಲ್ಲಿ ಒಂದು ಮಧ್ಯಾಹ್ನ ದಿನಕರ ಹೆಗಡೆಯವರು ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತರು. ಎರಡು ವರ್ಷದ ಮೇಲೆ ಬಂದದ್ದು.

“ಆ ಹುಡುಗಿ ಅಳೆದಾಗ ಮೊದ್ಲು ತಲೆಯಿಂದ ಹಿಮ್ಮಡಿಗೆ ಎಷ್ಟು ಅಂದಿದ್ದು?”

“ನೆನಪಿಲ್ಲ ಹೆಗಡೇರೆ.”

“ನಂಗೆ ನೆನಪಿದ್ದು. ತೊಂಬತ್ತನಾಲ್ಕೂವರೆ. ಒಂದೂವರೆಯಿಂದ ಭಾಗಿಸಿದ್ರೆ ಅರವತ್ತಮೂರು.” ನನ್ನ ಮುಖವನ್ನೇ ನೋಡಿದರು. “ಆ ಕೋಲು ಎಷ್ಟು ಉದ್ದ ಇತ್ತು ವೆಂಕಟ್ರಮಣ?”

“ಸುಟ್ಟ ಕೋಲಿಗೆ ಎಂತ ಉದ್ದ ಹೆಗಡೇರೆ?”

“ನೀ ಅಳೆದ್ಯಾ?”

“ಅಳೆದೆ.”

“ಹೇಳು.”

“ಹೇಳೂದಿಲ್ಲ.”

ಅವರು ಕವಳ ಉಗಿದು ಬಂದರು. “ನನ್ನಜ್ಜನ ಕಾಗದ ಸುಳ್ಳಲ್ಲ. ನಲವತ್ತು ಮಾರು ನಂದೇಯ.”

“ಸುಳ್ಳಲ್ಲ,” ಎಂದೆ. “ನಲವತ್ತೇ ತಗಂಡಿದ್ರೆ ಬಾವಿ ನಿಮ್ಮದೇ ಆಗ್ತಿತ್ತೋ ಏನೋ. ವೀರನ್ನ ನೆಪ ಮಾಡಿ ಎರಡು ಎಕರೆನೂ ಬೇಕು ಅಂದ್ರಿ. ಅಂದದ್ದಕ್ಕೆ ಆ ಯುವತಿ ಬಂದ್ಲು, ನಿಮ್ಮ ಸಹಿ ಓದಿದ್ರು.”

ಎದ್ದು ನಿಂತು ತಮಗೆ ತಾವೇ, ಮನೆಮಾತಿನಲ್ಲಿ, “ಆನೇ ಎಣಿಸಿದ್ದಿ. ನೆರಳಲ್ಲಿ ನಿಂತ್ಕಂಡು ಆನೇ ಎಣಿಸಿದ್ದಿ,” ಎಂದರು. ತಾನೇ ನಿಂತು ಎಣಿಸಿದೆ ಎನ್ನುವ ಆ ಮಾತಿನ ಉರಿ ನನಗೆ ಗೊತ್ತಿತ್ತು. ಆದರೆ ಸಮಾಧಾನ ಹೇಳಲಿಲ್ಲ, ಅವರೂ ಅದಕ್ಕೆ ಬಂದಿರಲಿಲ್ಲ. ಇಳಿಯುವಾಗ, “ನಿನ್ನ ಅಂಗಡಿ ಮೆಟ್ಟಿಲು ಇನ್ನು ಹತ್ತೂದಿಲ್ಲೆ,” ಎಂದರು. ಸಾಯುವವರೆಗೂ ಹತ್ತಲಿಲ್ಲ. ದಾವೆಯನ್ನೂ ಹಾಕಲಿಲ್ಲ. ತನ್ನದೇ ಸಹಿಯ ಮೇಲೆ ದಾವೆ ಹಾಕುವುದು ಹೇಗೆ ಎಂದು ವಕೀಲರು ಕೇಳಿದ್ದಿರಬೇಕು.

ಎರಡು ಸಾವಿರದ ಒಂದನೆಯ ಇಸವಿಯ ನವೆಂಬರಿನಲ್ಲಿ ಹಕ್ಕುಪತ್ರ ಬಂತು. ಕಾಗದ ಸರಿ ಇದೆಯೋ ಓದಿ ಹೇಳು ಎಂದು ಮಂಜಿ ಹೇಳಿಕಳಿಸಿದ್ದಳು. ಜಗಲಿಯ ಮೇಲೆ ಕೂತು ಎರಡು ಸಲ ಓದಿದೆ, ಈ ಸಲ ಒಂದಕ್ಷರವೂ ಬಿಡದೆ. ಅಷ್ಟರಲ್ಲಿ ಹೊನ್ನ ಹಾಡುಹಗಲೇ ಅಗಳ ದಾಟಿ ಅಂಗಳಕ್ಕೆ ಬಂದು ನಿಂತ. ನಾಲ್ಕು ವರ್ಷದ ಮೇಲೆ. ಕೈಯಲ್ಲಿ ಒಂದು ಬಾಳೆಗೊನೆ.

“ಎಂತಕ್ಕೆ ಬಂದಿ?” ಎಂದಳು ಮಂಜಿ. ಬೇರೆ ಧ್ವನಿ ಅವಳಿಗೆ ಮರೆತುಹೋಗಿತ್ತು.

“ಬರ್ಬಾರ್ದಾ?”

“ಬಂದವ ಗೊನೆ ಕೆಳಗೆ ಇಡ್ಲಿಕ್ಕಾಗೂದಿಲ್ವ? ಹಂಗೇ ಹೊತ್ಕಂಡು ನಿಲ್ತ್ಯಾ ಗೂಟದ ಹಂಗೆ?”

“ಇಡು ಅಂದ್ರೆ ಇಡ್ತೆ. ಇಟ್ರೆ ಅದಕ್ಕೂ ಬೈತಿ.”

“ಬೈದೆ ಮತ್ತೆ! ಅವತ್ತು ಒಂದು ಮಾತು ಹೇಳಿದ್ರೆ ನಿನ್ನ ಗಂಟ್ಲು ಬಿದ್ದುಹೋಗ್ತಿತ್ತಾ? ನಾ ಉಗಿಯೂವರೆಗೂ ನಿಂತಿದ್ದ್ಯಲ್ಲ ಮಾರಾಯ!”

“ಹೇಳಿದ್ರೆ ನೀ ಅವ್ರ ಎದುರಿಗೆ ನಗ್ತಿದ್ದೆ. ನಿನ್ನ ಮುಖ ನಂಗೆ ಗೊತ್ತಿಲ್ವ? ಸಿಟ್ಟು ಮುಚ್ಚೂದು ಬರೂದಿಲ್ಲ, ಖುಷಿ ಮುಚ್ಚೂದು ಮೊದ್ಲೇ ಬರೂದಿಲ್ಲ.”

“ನನ್ನ ಮುಖದ ಸುದ್ದಿ ನಿಂಗೆ ಬೇಡ! ಕಾಲು ತೊಳ್ಕಂಡು ಒಳಗೆ ಬಂದು ಸಾಯಿ!”

ನಾನು ಹಕ್ಕುಪತ್ರ ಮಡಚಿ ಕಂಬದ ಗೂಡಿನಲ್ಲಿಟ್ಟು ಎದ್ದೆ. ಅವರು ನನ್ನನ್ನು ಗಮನಿಸಲಿಲ್ಲ. ಸೈಕಲ್ ತಳ್ಳುತ್ತ ರಸ್ತೆ ಮುಟ್ಟುವವರೆಗೂ ಇಬ್ಬರ ಬೈಗುಳ ಕೇಳುತ್ತಲೇ ಇತ್ತು.